ಥೂ ಸಾಹೇಬರ ನೀಲಿ ಡಬ್ಬಿ

ಬೆಳಿಗ್ಗೆ ಹೆಂಡತಿ ತಂದಿಟ್ಟ ಚಹಾವನ್ನು ಒಂದು ಗುಟುಕು ಹೀರಿದ ಸಾಹೇಬರು ಅದನ್ನು ಹಾಗೆಯೇ ಕಿಟಕಿಯಿಂದ ಆಚೆಗೆ ಉಗಿದರು. ಕಿಟಕಿಯ ಕೆಳಗೆ ಕೆಳಮನೆಯ ನಿವೃತ್ತ ಮೇಷ್ಟರು ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರೆಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಉಗಿಯುತ್ತಿದ್ದರು, ಅಷ್ಟು ಸಿಟ್ಟು ಬಂದಿತ್ತು.

"ಏನೇ ಇದು? ಟೀಯೊಳಗೆ ಕೇಕ್ ಅದ್ದಿದ್ದೀಯಾ?"

"ನಾನ್ಯಾಕ್ರೀ ಅದ್ದಲಿ? ಟೀನೇ ಕೇಕಿನದ್ದು. ನಿಮ್ಮ ಕಂಪನಿಯಿಂದಲೇ ಬಂದಿದ್ದು. ನಿಮ್ಮ ಮಾಲೀಕರ ಸೊಸೆ ನಿನ್ನೆ ಡ್ರೈವರ್ ಕೈಲಿ ಕಳಿಸಿದ್ರು. ಚೆನ್ನಾಗಿದೆ ಅಲ್ವಾ?"

"ಚೆನ್ನಾಗಿದೆಯಾ? ಇದು ಚೆನ್ನಾಗಿದೆಯಾ?"

"ಯಾರ್ರೀ ಅದು ಉಗಿದಿದ್ದು?" ಎಂದು ಕೆಳಗಿನಿಂದ ಗದರಿಕೆ ಕೇಳಿಸಿತು. ಸಾಹೇಬರು ಬಗ್ಗಿ ನೋಡಿದರು. ಮೇಷ್ಟರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದವರು, ಒರೆಸಿದ ತುದಿಯನ್ನು ಮೂಗಿಗೆ ಹಿಡಿದು ನಿಂತುಬಿಟ್ಟರು.

"ಸಾಹೇಬ್ರೆ, ಏನ್ರೀ ಇದು, ಘಮಘಮ ಅಂತಿದೆ! ಇನ್ನೂ ಸ್ವಲ್ಪ ಇದೆಯೇನ್ರೀ? ಲೋಟದಲ್ಲಿ ಕೊಟ್ಟುಬಿಡಿ, ಪರವಾಗಿಲ್ಲ."

ಸಾಹೇಬರು ಕಿಟಕಿಯನ್ನು ರಪ್ಪೆಂದು ಮುಚ್ಚಿದರು.

ಸಾಹೇಬರ ಕೆಲಸ ಚಹಾದ ರುಚಿ ನೋಡುವುದು. ಬಿಡಿ ಎಲೆಯ ಚಹಾ ಮಾರುವ ಕಂಪನಿಯಲ್ಲಿ ತೋಟದಿಂದ ಬಂದ ಪ್ರತಿ ಮೂಟೆಯಿಂದ ಒಂದು ಚಿಟಿಕೆ ಎಲೆಯನ್ನು ಬಿಸಿನೀರಿಗೆ ಹಾಕಿ, ಚಮಚದಲ್ಲಿ ಎತ್ತಿ, ಸುರ್ರೆಂದು ಬೀದಿಗೆಲ್ಲ ಕೇಳುವಂತೆ ಹೀರಿ, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಪಕ್ಕದ ಪೀಕದಾನಿಗೆ ಥೂ ಎಂದು ಉಗಿಯಬೇಕು. ಒಳ್ಳೆಯದಾದರೂ ಉಗಿಯಬೇಕು, ಕೆಟ್ಟದ್ದಾದರೂ ಉಗಿಯಬೇಕು. ದಿನವಿಡೀ ಬರುವ ಚಹಾವನ್ನೆಲ್ಲ ನುಂಗುತ್ತ ಕೂತರೆ ಮನುಷ್ಯ ಬದುಕಿ ಉಳಿಯುವುದಿಲ್ಲ. ಈ ಕಾರಣಕ್ಕೆ ಕಂಪನಿಯಲ್ಲಿ ಎಲ್ಲರೂ ಅವರನ್ನು ಹಿಂದಿನಿಂದ ಥೂ ಸಾಹೇಬರೆಂದೂ ಎದುರಿಗೆ ಬರೀ ಸಾಹೇಬರೆಂದೂ ಕರೆಯುತ್ತಿದ್ದರು. "ಊರಲ್ಲಿ ಎಲ್ರೂ ಉಗಿಸಿಕೊಂಡು ಸಂಬಳ ತಗೋತಾರೆ, ನಮ್ಮನೆಯವರು ಉಗಿದು ತಗೋತಾರೆ" ಎಂದು ಹೆಂಡತಿ ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ಸಾಹೇಬರಿಗೆ ಅದಕ್ಕೂ ಸಿಟ್ಟು. ಅವರಿಗೆ ಯಾವುದಕ್ಕೆ ಸಿಟ್ಟು ಬರುವುದಿಲ್ಲ ಎಂದು ಕೇಳಿದರೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಆದರೆ ಇವತ್ತಿನ ಸಿಟ್ಟಿಗೆ ಕಾರಣವಿತ್ತು. ಕಂಪನಿಯ ಹಳೆಯ ಚಹಾ ನೀಲಿ ಡಬ್ಬಿಯಲ್ಲಿ ಬರುತ್ತಿತ್ತು. ಯಾವ ತೋಟದ ಎಲೆ ಎಷ್ಟು, ಯಾವುದರ ಕಹಿಗೆ ಯಾವುದರ ಕಂಪು ಎಂದು ಹರೆಯದಲ್ಲಿ ತಲೆಕೆಡಿಸಿಕೊಂಡು ಅದನ್ನು ಕೂಡಿಸಿದವರು ಸಾಹೇಬರೇ. ಮಕ್ಕಳಿಲ್ಲದ ಮನುಷ್ಯ, ನೀಲಿ ಡಬ್ಬಿಯನ್ನೇ ಮಗು ಅಂದುಕೊಂಡಿದ್ದರು. ಈಗ ಮಾಲೀಕರ ಸೊಸೆ ಕೇಕು, ಪುಡಿಂಗು, ಐಸ್‌ಕ್ರೀಮು, ಚಾಕೊಲೇಟು ಎಂದು ಮಕ್ಕಳ ಹುಟ್ಟುಹಬ್ಬದ ಮೇಜಿನ ಮೇಲೆ ಇರುವುದರ ರುಚಿಯನ್ನೆಲ್ಲ ಚಹಾದ ಎಲೆಗೆ ಬೆರೆಸಿದ್ದಳು. ಡಬ್ಬಿ ತುಂಬುವ ಯಂತ್ರ ಕಂಪನಿಯಲ್ಲಿ ಇದ್ದದ್ದು ಒಂದೇ. ಅದು ಹೊಸ ಡಬ್ಬಿ ತುಂಬಬೇಕೋ, ನೀಲಿ ಡಬ್ಬಿ ತುಂಬಬೇಕೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು. ತೀರ್ಮಾನಿಸಬೇಕಾದ ಮಾಲೀಕರು ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಸಿಕೊಂಡು ಮನೆಯಲ್ಲಿ ಮಲಗಿದ್ದರು. "ನನಗೆ ಬಾಯಿ ಇಲ್ಲ, ಕಿವಿ ಇದೆ. ಸಾಹೇಬರು ರುಚಿ ನೋಡಿ ಏನು ಹೇಳ್ತಾರೋ ಅದೇ ಕೊನೆ" ಎಂದು ಹೇಳಿಕಳಿಸಿದ್ದರು.

"ಇವತ್ತು ಎಲ್ಲದಕ್ಕೂ ಒಂದು ಗತಿ ಕಾಣಿಸ್ತೀನಿ" ಎಂದು ಸಾಹೇಬರು ಚಪ್ಪಲಿ ಮೆಟ್ಟಿದರು.

ಮೆಟ್ಟಿಲಲ್ಲಿ ಮೇಷ್ಟರು ಖಾಲಿ ಲೋಟ ಹಿಡಿದು ನಿಂತಿದ್ದರು. ಸಾಹೇಬರು ಅವರನ್ನು ಒಂದು ನೋಟದಲ್ಲೇ ಪಕ್ಕಕ್ಕೆ ಸರಿಸಿ ಹೋದರು.

ಕಂಪನಿಯ ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು. ಪ್ಯಾಕಿಂಗ್ ಕೋಣೆಯ ಹಿರಿಯ ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಎಲೆ ಜರಡಿ ಹಿಡಿಯುತ್ತಿದ್ದಳು.

"ಸಾಹೇಬ್ರೆ, ನಿನ್ನೆ ಮನೆಗೆ ಹೋದ್ರೆ ಮೊಮ್ಮಗಳು ನನ್ನ ಕೈ ಬಿಡ್ತಾನೇ ಇಲ್ಲ, ನೆಕ್ತಾ ಕೂತ್ಲು. ನೀವೂ ಇವತ್ತೊಂದಿನ ಉಗೀದೆ ನುಂಗಿಬಿಡಿ."

"ನುಂಗಬೇಕಾ? ನಿನ್ನ ಜರಡಿ ನುಂಗ್ತೀನಿ, ಇದನ್ನ ನುಂಗಲ್ಲ!"

ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳು ಸಾಲಾಗಿ ಹಬೆಯಾಡುತ್ತಿದ್ದವು. ಸಾಲಿನ ಕೊನೆಯಲ್ಲಿ ನೀಲಿ ಡಬ್ಬಿಯ ಚಹಾ, ದೊಡ್ಡವರ ಮದುವೆಗೆ ಬಂದ ಬಡ ನೆಂಟನಂತೆ ಒಂದು ಪಕ್ಕಕ್ಕೆ ಇತ್ತು. ಸೊಸೆ ಎದ್ದು ನಿಂತು ಕೈ ಮುಗಿದಳು.

"ಬನ್ನಿ ಅಂಕಲ್."

ಈ ಅಂಕಲ್ ಎಂಬ ಮಾತಿಗೂ ಸಾಹೇಬರಿಗೆ ಮೈ ಉರಿಯುತ್ತಿತ್ತು. ಆದರೆ ಅವಳ ಜತೆ ಜಗಳ ಕಷ್ಟ. ಜೋಗುಳ ಹಾಡಲೆಂದೇ ಹುಟ್ಟಿದಂಥ ದನಿ ಅವಳದು. ಹೋದ ತಿಂಗಳು ಗೋಡೌನಿನಲ್ಲಿ ಹೊಗೆ ಎದ್ದಾಗ ಅವಳು ಬಂದು "ಒಳಗೆ ಬೆಂಕಿ ಹತ್ತಿಕೊಂಡಿದೆ" ಎಂದು ಹೇಳಿದ ಧಾಟಿಗೆ ಕ್ಯಾಷಿಯರ್ "ಬಹಳ ಸಂತೋಷ ಮೇಡಂ" ಎಂದು ಉತ್ತರಿಸಿ ಮತ್ತೆ ಕೆಲಸದಲ್ಲಿ ಮುಳುಗಿದ್ದ.

ಆ ಕ್ಯಾಷಿಯರ್ ಈಗ ತನಗೆ ಸಂಬಂಧವಿಲ್ಲದಿದ್ದರೂ ಒಂದು ಪೊಟ್ಟಣ ಬಿಸ್ಕತ್ತು ತಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಪ್ಯಾಕಿಂಗ್ ಕೋಣೆಯ ಹೆಂಗಸರೆಲ್ಲ ಬಾಗಿಲಲ್ಲಿ ಜಮಾಯಿಸಿದರು.

"ನೋಡಮ್ಮ," ಎಂದು ಸಾಹೇಬರು ಚಮಚ ಎತ್ತಿದರು. "ನಾನು ಹೇಳಿದ್ದನ್ನ ನಿಮ್ಮ ಮಾವನವರಿಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಬಣ್ಣ ಹಚ್ಚಬಾರದು, ನಯ ಮಾಡಬಾರದು, ಒಂದಕ್ಷರ ಬಿಡಬಾರದು."

"ಖಂಡಿತ ಅಂಕಲ್. ಸ್ಕೂಲಲ್ಲಿ ಕಂಠಪಾಠಕ್ಕೆ ನನಗೇ ಬಹುಮಾನ. ಈ ಕೋಣೇಲಿ ಫೋನು ಸಿಗಲ್ಲ. ನೀವು ಮುಗಿಸಿದ ಕೂಡಲೇ ಮೆಟ್ಟಿಲ ಹತ್ರ ಹೋಗಿ ಹೇಳಿಬಿಡ್ತೀನಿ."

ಮೊದಲನೆಯದು ಕೇಕು. ಸುರ್ರ್. ಸಾಹೇಬರು ಪಕ್ಕಕ್ಕೆ ತಿರುಗಿದರು. ಪೀಕದಾನಿಯಲ್ಲಿ ಹೂವುಗಳಿದ್ದವು. ಸೊಸೆ ಬರುತ್ತಾಳೆಂದು ಅಕ್ಕ ಅದನ್ನು ಬೆಳಗಿ, ನೀರು ತುಂಬಿ, ಹೂವು ಜೋಡಿಸಿ ಕಿಟಕಿಯ ಮೇಲಿಟ್ಟಿದ್ದಳು. ಸಾಹೇಬರು ತುಂಬಿದ ಬಾಯಿಯಲ್ಲಿ "ಊಂ! ಊಂ!" ಎಂದು ಕೈ ಆಡಿಸಿದರು.

"ಇಷ್ಟ ಆಯ್ತು ಅಂತ ಕಾಣುತ್ತೆ" ಎಂದ ಕ್ಯಾಷಿಯರ್.

ಸಾಹೇಬರು ಆಚೀಚೆ ನೋಡಿ, ಕೈಗೆ ಸಿಕ್ಕಿದ ಒಂದು ಗುಂಡನೆಯ ಪಾತ್ರೆಯನ್ನು ಎಳೆದು ಅದರೊಳಗೆ ಉಗಿದರು. ಅದು ಕ್ಯಾಷಿಯರನ ಹೊಸ ಹೆಲ್ಮೆಟ್.

"ಅಯ್ಯೋ! ಸಾಹೇಬ್ರೆ!"

"ಸುಮ್ನಿರಯ್ಯಾ!" ಸಾಹೇಬರ ಮುಖ ಕೆಂಪಗಾಗಿತ್ತು. ಸೊಸೆಯ ಕಡೆ ತಿರುಗಿ ಗುಡುಗಿದರು. "ಬರ್ಕೋಬೇಡ, ತಲೇಲಿ ಇಟ್ಕೋ! ಜನ್ಮದಲ್ಲಿ ಇಂಥ ಟೀ ಕುಡಿದಿಲ್ಲ!"

ಎರಡನೆಯದು ಪುಡಿಂಗು. ಸುರ್ರ್, ಥೂ. ಹೆಲ್ಮೆಟ್ಟಿಗೆ ಹೇಗೂ ಆಗಬೇಕಾದ್ದು ಆಗಿಹೋಗಿತ್ತು.

"ಇದನ್ನ ಕುಡಿದೋರು ಬದುಕಿರೋವರೆಗೆ ಇನ್ನೊಂದು ಟೀ ಮುಟ್ಟಲ್ಲ!"

ಚಾಕೊಲೇಟಿಗೆ ಬರುವ ಹೊತ್ತಿಗೆ ಸಾಹೇಬರು ಬಟ್ಟಲನ್ನು ಎಳೆದ ರಭಸಕ್ಕೆ ಅದು ವಾಲಿ ಅಂಗಿಯ ಮುಂಭಾಗವೆಲ್ಲ ಕಂದು ಬಣ್ಣವಾಯಿತು. ಬಾಗಿಲಲ್ಲಿ ಒಬ್ಬಳು ಕಿಸಕ್ಕೆಂದಳು. ಸಾಹೇಬರು ಸಿಡಿದರು.

"ಇಂಥದ್ದನ್ನ ಮಾಡೋಕೂ ತಲೆ ಬೇಕು! ಇದನ್ನ ಮಾಡಿದ ಕೈಗೆ ಏನು ಕೊಟ್ರೂ ಕಮ್ಮಿ!"

ಐಸ್‌ಕ್ರೀಮಿನ ಚಹಾ ಬಿಸಿಯಿದ್ದೂ ತಣ್ಣಗಿರುವ ಹಾಗೆ ನಟಿಸುತ್ತಿತ್ತು. ಸಾಹೇಬರಿಗೆ ಮೋಸ ಕಂಡರಾಗದು. "ಯಾವ ಬಾಯಲ್ಲಿ ಇದನ್ನ ಟೀ ಅಂತೀರಿ? ಸತ್ರೂ ಮರೆಯಲ್ಲ ನಾನು ಈ ರುಚೀನ! ನಿಮ್ಮ ಮಾವನವರಿಗೆ ಒಂದು ಲೋಟ ಕುಡಿಸು, ಹಲ್ಲುನೋವೇ ಮರೆತುಹೋಗತ್ತೆ!"

ಕೊನೆಗೆ ನೀಲಿ ಡಬ್ಬಿ. ಸಾಹೇಬರು ನೀರು ಮುಕ್ಕಳಿಸಿ, ಹೆಲ್ಮೆಟ್ಟನ್ನು ದೂರ ತಳ್ಳಿ, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೀರಿದರು. ಉಗಿಯಲಿಲ್ಲ. ಕಣ್ಣು ಮುಚ್ಚಿ ನುಂಗಿದರು. ಅವರ ದನಿ ಮೊದಲ ಸಲ ಮೆತ್ತಗಾಗಿತ್ತು.

"ಇದರಲ್ಲಿ ಏನೂ ಇಲ್ಲಮ್ಮ. ಬರೀ ಟೀ. ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ. ಕುಡಿದ್ರೆ ಕುಡಿದದ್ದೇ ಗೊತ್ತಾಗಲ್ಲ, ಹಾಗೆ ಇಳಿಯತ್ತೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆ ತುಟಿ ಕಚ್ಚಿಕೊಂಡು, ಫೋನು ಹಿಡಿದು ಮೆಟ್ಟಿಲ ಕಡೆ ಹೋದಳು. ಅವಳ ಮುಖ ಬಾಡಿದ್ದನ್ನು ಕಂಡು ಸಾಹೇಬರಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಆದರೆ ಅದು ಹೆಚ್ಚು ಹೊತ್ತು ಇರಲಿಲ್ಲ.

ಗೆದ್ದ ಮನುಷ್ಯನಿಗೆ ಹಸಿವಾಗುತ್ತದೆ. ಸಾಹೇಬರು ಕ್ಯಾಷಿಯರನ ಬಿಸ್ಕತ್ತನ್ನೇ ನೀಲಿ ಚಹಾದಲ್ಲಿ ಅದ್ದಿ ತಿಂದರು. ಅಂಗಿಯ ಕಲೆಯನ್ನು ಪದಕದಂತೆ ಮುಂದೆ ಮಾಡಿಕೊಂಡು ಕಂಪನಿಯನ್ನೆಲ್ಲ ಸುತ್ತಿದರು. ಮನೆಗೆ ಫೋನು ಮಾಡಿ "ಆ ಕೇಕನ್ನ ಚರಂಡಿಗೆ ಸುರಿ" ಎಂದರು. "ಎಲ್ಲಿದೆ ಸುರಿಯೋಕೆ? ಮೇಷ್ಟ್ರು ಬಂದು ಡಬ್ಬಿ ಸಮೇತ ತಗೊಂಡು ಹೋದ್ರು" ಎಂದಳು ಹೆಂಡತಿ.

ಮಧ್ಯಾಹ್ನ ಕ್ಯಾಷಿಯರ್ ಓಡಿಬಂದು ಕೈ ಕುಲುಕಿದ. ತಲೆಯಿಂದ ಪುಡಿಂಗಿನ ವಾಸನೆ ಬರುತ್ತಿತ್ತು.

"ಅಭಿನಂದನೆ ಸಾಹೇಬ್ರೆ! ಮಾಲೀಕರು ಒಪ್ಪಿಬಿಟ್ರು. ನಿಮ್ಮ ಮಾತೇ ಕೊನೆ ಅಂದ್ರಂತೆ. ನಿಮ್ಮ ಫೋಟೋ ಬೇಕಂತೆ, ಡಬ್ಬಿ ಮೇಲೆ ಹಾಕೋಕೆ."

"ನನ್ನ ಫೋಟೋನಾ?" ಎಂದರು ಸಾಹೇಬರು. ನೀಲಿ ಡಬ್ಬಿಯ ಮೇಲೆ ತನ್ನ ಮುಖ! ಇಷ್ಟು ವರ್ಷ ಸಿಟ್ಟು ಮಾಡಿಕೊಂಡದ್ದು ಸಾರ್ಥಕವಾಯಿತು. ಅವರು ತಲೆ ಬಾಚಿಕೊಂಡು ಯಂತ್ರದ ಕೋಣೆಗೆ ನಡೆದರು.

ಅಲ್ಲಿ ಅಕ್ಕ ಯಂತ್ರದಿಂದ ನೀಲಿ ಡಬ್ಬಿಗಳನ್ನು ಕೆಳಗಿಳಿಸಿ ಮೂಲೆಗೆ ಒಟ್ಟುತ್ತಿದ್ದಳು.

"ಏನೇ ಅಕ್ಕ, ಇದನ್ಯಾಕೆ ಇಳಿಸ್ತಿದ್ದೀಯ?"

"ನೀವೇ ಬೇಡ ಅಂದ್ರಂತಲ್ಲ ಸಾಹೇಬ್ರೆ. ಇದನ್ನ ನಿಲ್ಲಿಸಿ, ಹೊಸದು ಏರಿಸಿ ಅಂತ ಮಾಲೀಕರ ಹುಕುಂ ಆಗಿದೆ."

ಸಾಹೇಬರು ಸೊಸೆಯ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದರು. "ಏನು ಹೇಳಿದ್ಯಮ್ಮ ನೀನು ನಿಮ್ಮ ಮಾವನವರಿಗೆ? ಏನು ಹೇಳಿದೆ?"

"ನೀವು ಹೇಳಿದ್ದೇ ಅಂಕಲ್. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ. ನಾನೂ ಬೈಗುಳ ಅಂತಲೇ ಅಳ್ತಾ ಹೋದೆ. ಮಾವ ಮಾತ್ರ ಹೂಂ ಹೂಂ ಅಂತ ಕೇಳಿ ಖುಷಿಪಟ್ರು." ಅವಳು ಕೈ ಕಟ್ಟಿ ನಿಂತು, ಮಲಗುವ ಮಗುವಿಗೆ ಕತೆ ಹೇಳುವಂತೆ ಒಪ್ಪಿಸಿದಳು. "ಜನ್ಮದಲ್ಲಿ ಇಂಥ ಟೀ ಕುಡಿದಿಲ್ಲ. ಇದನ್ನ ಕುಡಿದೋರು ಬದುಕಿರೋವರೆಗೆ ಇನ್ನೊಂದು ಟೀ ಮುಟ್ಟಲ್ಲ. ಇಂಥದ್ದನ್ನ ಮಾಡೋಕೂ ತಲೆ ಬೇಕು. ಇದನ್ನ ಮಾಡಿದ ಕೈಗೆ ಏನು ಕೊಟ್ರೂ ಕಮ್ಮಿ. ಯಾವ ಬಾಯಲ್ಲಿ ಇದನ್ನ ಟೀ ಅಂತೀರಿ. ಸತ್ರೂ ಮರೆಯಲ್ಲ ನಾನು ಈ ರುಚೀನ. ನಿಮ್ಮ ಮಾವನವರಿಗೆ ಒಂದು ಲೋಟ ಕುಡಿಸು, ಹಲ್ಲುನೋವೇ ಮರೆತುಹೋಗತ್ತೆ."

"ಮುಂದೆ?" ಎಂದು ಸಾಹೇಬರು ಕಿರುಚಿದರು.

"ಮತ್ತೆ ನೀಲಿ ಡಬ್ಬಿಗೆ," ಎಂದು ಅವಳು ಅದೇ ಜೋಗುಳದಲ್ಲಿ ಮುಂದುವರಿಸಿದಳು, "ಇದರಲ್ಲಿ ಏನೂ ಇಲ್ಲಮ್ಮ. ಬರೀ ಟೀ. ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ. ಕುಡಿದ್ರೆ ಕುಡಿದದ್ದೇ ಗೊತ್ತಾಗಲ್ಲ, ಹಾಗೆ ಇಳಿಯತ್ತೆ."

ಸಾಹೇಬರು ಅವಳ ಕೈಯಿಂದ ಫೋನು ಕಿತ್ತುಕೊಂಡು ಮೆಟ್ಟಿಲಿಗೆ ಓಡಿದರು. ಆಚೆಯಿಂದ ಮಾಲೀಕರ ದನಿ ಹತ್ತಿಯ ಸಂದಿಯಿಂದ ಬಂತು.

"ಹೇಳಯ್ಯಾ."

"ಸಾರ್, ನಾನು ಬೈದದ್ದು ಸಾರ್! ಅದೆಲ್ಲ ಬೈಗುಳ! ಸಿಟ್ಟಲ್ಲಿ ಕಿರುಚಿದ್ದು!"

"ನೀನು ಕಿರುಚದ ದಿನ ಯಾವುದಯ್ಯಾ? ಹೋದ ವರ್ಷ ನನಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ್ದೂ ಕಿರುಚಿಕೊಂಡೇ. ನಿನ್ನ ಸಿಟ್ಟನ್ನ ಸೋಸಿ ಮಾತನ್ನಷ್ಟೇ ಕುಡಿಯೋದು ನನಗೆ ಅಭ್ಯಾಸ ಆಗಿದೆ. ಅದಕ್ಕೇ ಸೊಸೆ ಬಾಯಲ್ಲಿ ಕೇಳಿಸಿಕೊಂಡೆ. ಮಾತು ಎಷ್ಟು ಚೆನ್ನಾಗಿದೆಯಯ್ಯಾ! ನಿನ್ನ ಫೋಟೋ ಕೆಳಗೆ ಎಲ್ಲವನ್ನೂ ಹಾಕಿಸ್ತೀನಿ. ಆ ನೀಲಿ ಡಬ್ಬಿ ಮೇಲೆ ನಿನಗೆಷ್ಟು ಪ್ರೀತಿ ಅಂತ ನನಗೆ ಗೊತ್ತಿಲ್ವಾ? ಆದರೂ ಅದರಲ್ಲಿ ಏನೂ ಇಲ್ಲ ಅಂತ ನಿಜ ಹೇಳಿದೆ ನೋಡು, ಅದು ದೊಡ್ಡತನ."

ಸಾಹೇಬರ ಸಿಟ್ಟಿಗೆ ಇದ್ದ ಮಾತೆಲ್ಲ ಆಗಲೇ ಡಬ್ಬಿಯ ಮೇಲೆ ಅಚ್ಚಾಗಲು ಹೋಗಿತ್ತು. ಇನ್ನೊಂದು ಮಾತಾಡಿದರೆ ಅದೂ ಹೋಗುತ್ತಿತ್ತು. ಇಷ್ಟು ವರ್ಷದ ಚಹಾ, ಇಷ್ಟು ವರ್ಷದ ಉರಿ, ಮೂಲೆಯಲ್ಲಿ ಒಟ್ಟಿದ ನೀಲಿ ಡಬ್ಬಿಗಳು, ಎಲ್ಲವೂ ಸೇರಿ ನಾಲಗೆಯ ತುದಿಗೆ ಬಂದವು. ಅವರು ಫೋನಿನ ಮುಖಕ್ಕೇ ಉಗಿದರು.

"ಥೂ!"

ಆಚೆ ಕಡೆ ಮಾಲೀಕರು ಕೀಳಿಸಿಕೊಂಡ ಹಲ್ಲಿನ ನೋವನ್ನೂ ಮರೆತು ನಕ್ಕರು.

"ಇನ್ನೂ ರುಚಿ ನೋಡ್ತಾನೇ ಇದ್ದೀಯೇನಯ್ಯಾ? ಸಾಕು ಬಿಡು, ಮಾರೋದಕ್ಕೂ ಒಂಚೂರು ಉಳಿಸು."