ಇನ್ವರ್ಟರಿನ ಗುಂಯ್‌ಕಾರ

"ಇನ್ನು ಎಂಟೇ ದಿನ! ಕರೆಂಟ್ ಹೋಗಿದ್ದು ಕರೆಂಟಿಗೂ ಗೊತ್ತಾಗಬಾರದು, ಹಾಗೆ ಮಾಡ್ತೀನಿ!" ಎಂದು ಲ್ಯಾಬ್ ಮೇಷ್ಟ್ರು ಸ್ಕ್ರೂಡ್ರೈವರ್ ಎತ್ತಿ ಘೋಷಿಸಿದರು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತಾರು ವರ್ಷ ಮೀಟರು, ತಂತಿ ಹಂಚಿದವರು ಅವರು. ಕೈಯಾರೆ ಕಟ್ಟಿದ ಇನ್ವರ್ಟರ್ ಎಂದರೆ ಹೆತ್ತ ಮಗುವಿನಷ್ಟೇ ಮುದ್ದು. ಮಗು ಆರೋಗ್ಯವಾಗಿಯೇ ಇತ್ತು. ಅಳು ಮಾತ್ರ ನಿಲ್ಲಿಸುತ್ತಿರಲಿಲ್ಲ. ಕರೆಂಟ್ ಹೋಯಿತೋ, ಗುಂಯ್ ಎಂದು ಶುರು! ಫ್ಯಾನು ನರಳುತ್ತಿತ್ತು, ರೇಡಿಯೊ ಗುರುಗುಟ್ಟುತ್ತಿತ್ತು. ಅಷ್ಟನ್ನು ಮನೆಯವರು ಸಹಿಸಿಕೊಂಡಿದ್ದರು. ಸಹಿಸಿಕೊಳ್ಳದೆ ಹೋದದ್ದು ಅತ್ತೆಯ ಕಿವಿ ಮೆಷಿನ್ನು.

ಮಗಳ ಜೊತೆಗೇ ಇದ್ದ ಅತ್ತೆಗೆ ಎಂಬತ್ತೊಂದು ವರ್ಷ. ದಿನಾ ಮಧ್ಯಾಹ್ನ ಮೂರಕ್ಕೆ ಅವರ ತಂಗಿ ಫೋನ್ ಮಾಡುತ್ತಿದ್ದರು. ದಿನಾ ಎರಡರಿಂದ ನಾಲ್ಕರವರೆಗೆ ಕರೆಂಟ್ ಇರುತ್ತಿರಲಿಲ್ಲ. ಇನ್ವರ್ಟರ್ ಶುರುವಾದರೆ ಕಿವಿ ಮೆಷಿನ್ನಿನೊಳಗೆ ಜೇನುಗೂಡೇ ಎದ್ದಂತೆ ಮೊರೆತ. ಒಂದು ದಿನ ತಂಗಿ ಅಳುದನಿಯಲ್ಲಿ "ನಾಳೆ ಕಣ್ಣಿನ ಆಪರೇಷನ್" ಎಂದರೆ, ಅತ್ತೆಗೆ ಕೇಳಿಸಿದ್ದು "ನಾಳೆ ಹೆಣ್ಣಿನ ರಿಸೆಪ್ಷನ್"!

"ಬಹಳ ಸಂತೋಷ ಕಣೆ! ಫೋಟೋ ಕಳಿಸು!" ಎಂದು ಹರಸಿಬಿಟ್ಟರು. ತಂಗಿ ಫೋನ್ ಕುಕ್ಕಿದವರು ಮತ್ತೆ ಎತ್ತಲಿಲ್ಲ.

"ರೀ, ಚಿಕ್ಕಮ್ಮ ನಾಲ್ಕು ದಿನದಿಂದ ಮಾತಾಡಿಲ್ಲ. ಅದು ಕಣ್ಣಿನ ಆಪರೇಷನ್ ಅಂತ ಆಮೇಲೆ ಗೊತ್ತಾಗಿ ಅಮ್ಮ ಎರಡು ತುತ್ತು ತಿಂದು ಏಳ್ತಾರೆ," ಎಂದಳು ಹೆಂಡತಿ. "ಅಂಗಡಿಯಿಂದ ಒಂದು ಇನ್ವರ್ಟರ್ ತಂದುಬಿಡಿ."

"ಅಂಗಡಿಯದಾ! ಅದರ ಬದಲು ನನ್ನನ್ನೇ ಅಂಗಡಿಗೆ ಮಾರಿಬಿಡು!"

"ಹಳೇ ಮಾಲಿಗೆ ಗ್ಯಾರಂಟಿ ಕೇಳ್ತಾರೆ ರೀ."

ಆಗಲೇ ಆ ಘೋಷಣೆ ಹೊರಬಿದ್ದದ್ದು.

ಮೊದಲು ಮೇಷ್ಟ್ರು ತಂತಿಗಳಿಗೆಲ್ಲ ಜಡೆ ಹೆಣೆದರು. ಗುಂಯ್ ಹಾಗೇ ಇತ್ತು. ಆಮೇಲೆ ಸದ್ದು ಸೋಸುವ ಫಿಲ್ಟರ್ ಕಟ್ಟಲು ಕೂತರು. ಫಿಲ್ಟರಿಗೆ ಲೋಹದ ಕವಚ ಬೇಕಲ್ಲ? ಅಡುಗೆಮನೆಯ ಹಿಟ್ಟಿನ ಡಬ್ಬಿ ಕಣ್ಣಿಗೆ ಬಿತ್ತು. ಹಿಟ್ಟನ್ನು ಪೇಪರಿನ ಮೇಲೆ ಸುರಿದು, ಡಬ್ಬಿಗೆ ತೂತು ಕೊರೆದು, ಕೆಪಾಸಿಟರನ್ನು ತಲೆಕೆಳಗಾಗಿ ಜೋಡಿಸಿ, ಸ್ವಿಚ್ ಒತ್ತಿದರು. ಢಂ! ಬೆಚ್ಚಿ ಹಿಂದಕ್ಕೆ ಹಾರಿದ ಮೇಷ್ಟ್ರು ಕೂತದ್ದು ನೇರ ಹಿಟ್ಟಿನ ರಾಶಿಯ ಮೇಲೆ. ಮಿಕ್ಕದ್ದನ್ನು ಫ್ಯಾನು ನೋಡಿಕೊಂಡಿತು. ಓಡಿಬಂದ ಹೆಂಡತಿಗೆ ಕಂಡದ್ದು ಎರಡು ಕಣ್ಣು, ಒಂದು ಸ್ಕ್ರೂಡ್ರೈವರ್.

"ಏನೂ ಆಗಿಲ್ಲ ಕಣೆ!"

"ಏನೂ ಆಗಿಲ್ಲ. ಸ್ವಲ್ಪ ನೀರು ಹಾಕಿದ್ರೆ ಕಲಸಬಹುದು."

ಎಂಟನೆಯ ದಿನ ಹೊಸ ಕೆಪಾಸಿಟರ್ ಹಾಕಿ, ಡಬ್ಬಿ ಮುಚ್ಚಿ, ಮೇಷ್ಟ್ರು ಉಸಿರು ಬಿಗಿಹಿಡಿದು ಕಾದರು. ಎರಡಕ್ಕೆ ಸರಿಯಾಗಿ ಕರೆಂಟ್ ಹೋಯಿತು.

"ಅತ್ತೆ, ಸದ್ದು?"

"ಇಲ್ವೇ ಇಲ್ಲ ಅಳಿಯಂದಿರೇ!"

ಹೆಂಡತಿ ತಾನೇ ಫೋನ್ ಹಚ್ಚಿಕೊಟ್ಟಳು. "ಕಣ್ಣು ಹೇಗಿದೆಯೇ? ಆವತ್ತು ನಂಗೆ ಕೇಳಿಸಿದ್ದೇ ಬೇರೆ ಕಣೆ!" ಎಂದು ಅತ್ತೆ ಅತ್ತರು, ಆ ಕಡೆ ತಂಗಿ ಬೈದರು, ಆಮೇಲೆ ಇಬ್ಬರೂ ನಕ್ಕರು. ಮೇಷ್ಟ್ರ ಕಣ್ಣೂ ಒದ್ದೆಯಾಯಿತು. ತಲೆಯ ಮೇಲೆ ಫ್ಯಾನು ನರಳುತ್ತಲೇ ಇತ್ತು. ವಿಜಯದ ಅಮಲಿನಲ್ಲಿ ಅದು ಅವರ ಕಿವಿಗೆ ಬೀಳಲಿಲ್ಲ.

ಗೆದ್ದದ್ದನ್ನು ಒಬ್ಬರಿಗಾದರೂ ತೋರಿಸಬೇಡವೇ? ಪಕ್ಕದ ಮನೆಯ ಎಲೆಕ್ಟ್ರಿಷಿಯನ್‌ನನ್ನು ಎಳೆದುತಂದರು. ಅವನು ಡಬ್ಬಿಯೊಳಗೆ ಇಣುಕಿ ತಲೆ ಕೆರೆದುಕೊಂಡ.

"ಸಾರ್, ಫಿಲ್ಟರಿಗೆ ಕನೆಕ್ಷನ್ನೇ ಕೊಟ್ಟಿಲ್ವಲ್ಲ? ಪಾಪ, ಸುಮ್ನೆ ಕೂತಿದೆ."

"ಮತ್ತೆ... ಸದ್ದು ಹೋಗಿದ್ದು?"

"ಬೆಳಿಗ್ಗೆ ಗುಡಿಸುವಾಗ ಅಮ್ಮನ ಕುರ್ಚೀನ ಆ ಕಿಟಕಿ ಹತ್ರ ಹಾಕಿದೆ," ಎಂದಳು ಹೆಂಡತಿ. "ಇಷ್ಟು ದಿನ ನಿಮ್ಮ ಇನ್ವರ್ಟರ್ ಪಕ್ಕಾನೇ ಕೂತಿರ್ತಿದ್ರು."

ಎಲೆಕ್ಟ್ರಿಷಿಯನ್ ಸೌಜನ್ಯದಿಂದ ಛಾವಣಿ ನೋಡಿದ. ಮೇಷ್ಟ್ರು ಒಂದು ಕ್ಷಣ ಕುಸಿದರು, ಮರುಕ್ಷಣ ಚೇತರಿಸಿಕೊಂಡರು.

"ಹಾಂ! ಇದನ್ನೇ ನಾನು ಹೇಳೋದು! ದೂರ ಹೆಚ್ಚಿದಷ್ಟೂ ಕಾಂತಕ್ಷೇತ್ರ ಕಡಿಮೆ. ಈಗ ಒಂದು ಸುರುಳಿ ಇದೆ ಅಂತ ಇಟ್ಕೊಳ್ಳಿ..."

ಅತ್ತೆಯ ಕೈ ಮೆಲ್ಲನೆ ಕಿವಿಗೆ ಹೋಯಿತು.

"ಯಾಕಮ್ಮಾ, ಮತ್ತೆ ಸದ್ದು ಬಂತಾ?"

"ಬಂತು ಕಣೆ," ಎಂದು ಅತ್ತೆ ಕಿವಿ ಮೆಷಿನ್ ತೆಗೆದು ಕನ್ನಡಕದ ಡಬ್ಬಿಯೊಳಗಿಟ್ಟರು. "ಆದ್ರೆ ಇದು ಇನ್ವರ್ಟರಿನದ್ದಲ್ಲ."