ರಣಧೀರನ ಉಣ್ಣೆಯುಂಡೆ

ಹೆಸರು ರಣಧೀರ; ಪಕ್ಕದ ಮನೆಯ ಟ್ರಾನ್ಸಿಸ್ಟರ್ ಗೊರಗೊರ ಎಂದರೂ ಒರಳಿನ ಹಿಂದೆ ಅವಿತುಕೊಳ್ಳುವ ವೀರ. ಇಂಥ ನಾಯಿಯನ್ನು ಕರಿಸಿದ್ದಪ್ಪ ಊರಾಚೆ ಬೇಲಿ ಕಟ್ಟಿದ ತನ್ನ ಕುರಿರೊಪ್ಪದ ಕಾವಲಿಗೆಂದು ಆದಿವಾಲದಿಂದ ತನ್ನೂರು ಹರಿಯಬ್ಬೆಗೆ ತಂದಿದ್ದ. ಹಳೆಯ ಯಜಮಾನ ಅದನ್ನು ದೊಣ್ಣೆಯಿಂದಲೇ ಮಾತಾಡಿಸುತ್ತಿದ್ದನೆಂಬುದು ಆಮೇಲೆ ತಿಳಿಯಿತು. ಆ ಬೇಸಿಗೆಯಲ್ಲಿ ತೋಳದ ಕಾಟ ಬೇರೆ.

"ಅಮಾಸೆ ತನಕ ನೋಡ್ತೀನಿ. ಆಮೇಲೂ ಹಿಂಗೇ ಇದ್ರೆ ಕಾಡಿಗೆ ಬಿಟ್ಟು ಬರ್ತೀನಿ."

"ಬಿಟ್ರೆ ತೋಳ ತಿಂತೈತಲ್ರಿ!" ಎಂದಳು ಹೆಂಡತಿ ಏಕನಾಥಮ್ಮ.

"ತಿನ್ಲಿ. ಅದರ ಹೊಟ್ಟೆ ತುಂಬಿದ್ರೆ ನನ್ ಕುರಿನಾದ್ರೂ ಉಳಿತಾವೆ."

ಏಕನಾಥಮ್ಮನಿಗೆ ಅನ್ನ ಇಳಿಯಲಿಲ್ಲ. ದೇವರ ಗೂಡಿನ ದೇವಿಗೆ ದೀಪ ಹಚ್ಚಿ ಕೈಮುಗಿದು ನಿಂತಾಗ ದಿವ್ಯಜ್ಞಾನವೊಂದು ಹೊಳೆಯಿತು: ಆಡುವ ಮಕ್ಕಳಿಗೆ ಭಯವಿರುವುದಿಲ್ಲ, ನಾಯಿಗೂ ಆಟ ಕಲಿಸಿದರಾಯಿತು! (ಇದರಲ್ಲಿ ದೇವಿಯ ತಪ್ಪೇನೂ ಇಲ್ಲ.)

ಕಂಬಳಿ ನೇಯ್ದು ಮಿಕ್ಕಿದ್ದ ಕುರಿಯುಣ್ಣೆಯನ್ನು ಬಿಗಿಯಾಗಿ ಸುತ್ತಿ ಉಂಡೆ ಮಾಡಿದಳು. ಎಸೆದರೆ ನಾಯಿ ಸತ್ತಂತೆ ಮಲಗಿತು. ಕೈಯೆತ್ತಿದರೆ ಏಟು ಎಂಬುದಷ್ಟೇ ಅದು ಕಲಿತ ವಿದ್ಯೆ. ಆಕೆ ಎಸೆಯುವುದನ್ನು ಬಿಟ್ಟು, ಮುಖ ಅತ್ತ ತಿರುಗಿಸಿ ಕುಳಿತು, ಉಂಡೆಯನ್ನು ಮೆಲ್ಲಗೆ ಉರುಳಿಸತೊಡಗಿದಳು. ನಾಯಿ ಒಂದು ದಿನ ಮೂಸಿತು, ಇನ್ನೊಂದು ದಿನ ಕಚ್ಚಿತು. ಕೊನೆಗೆ ಇತ್ತ ಆಕೆ, ಅತ್ತ ಅದು, ಜಗ್ಗಾಟ! ಗೆದ್ದವರು ಉಂಡೆಯನ್ನು ಸೋತವರ ಕಾಲ ಬಳಿ ತಂದಿಡಬೇಕೆಂಬ ಸಭ್ಯತೆಯನ್ನೂ ಕಲಿಸಿದಳು. ಇಟ್ಟರೆ ರೊಟ್ಟಿಚೂರು. ಮೊದಲ ಸಲ ಅದು ಬಾಲ ಆಡಿಸಿದ ದಿನ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ರಣಧೀರ ಕುಣಿತೈತೆ, ನೋಡ್ ಬರ್ರಿ!"

"ಕುಣಿಯೋ ನಾಯಿ ಯಾವನಿಗೆ ಬೇಕಾಗೈತೆ?"

"ಧೈರ್ಯ ಬಂದೈತ್ರಿ. ರೊಪ್ಪಕ್ಕೆ ಕರ್ಕೊಂಡ್ ಹೋಗಾಣ, ನಾನೂ ಬರ್ತೀನಿ."

ಅಮಾವಾಸ್ಯೆಯ ಹಿಂದಿನ ಸಂಜೆ ಮೂವರೂ ಹೋದರು. ಮಂದೆ ರೊಪ್ಪ ಸೇರುತ್ತಿದ್ದಂತೆ ತೋಳ ನುಗ್ಗಿ ಮರಿಯೊಂದನ್ನು ಕಚ್ಚಿತು. ರಣಧೀರ ಅವಿತುಕೊಳ್ಳಲಿಲ್ಲ. ಹಾರಿ ಮರಿಯ ಹಿಂಗಾಲು ಹಿಡಿದು ಜಗ್ಗಿತು! ದೊಣ್ಣೆ ಎತ್ತಿಕೊಂಡು ಓಡುತ್ತಿದ್ದ ಕರಿಸಿದ್ದಪ್ಪ "ಭಲೇ ಮಗನೇ!" ಎಂದು ಕೂಗಿದ. ಏಕನಾಥಮ್ಮ ಆಕಾಶಕ್ಕೆ ಕೈಮುಗಿದಳು. ತೋಳ ಬಾಯಿ ಸಡಿಲಿಸಿತು.

ಗೆದ್ದ ರಣಧೀರ ಮರಿಯನ್ನು ಜೋಪಾನವಾಗಿ ಒಯ್ದು, ತೋಳದ ಕಾಲ ಬಳಿ ಇಟ್ಟು, ಬಾಲ ಆಡಿಸಿತು.

ಅರೆಗಳಿಗೆ ತೋಳಕ್ಕೇ ನಂಬಿಕೆ ಬರಲಿಲ್ಲ. ಆಮೇಲೆ ಮರಿಯನ್ನು ಕಚ್ಚಿಕೊಂಡು ಬೇಲಿ ಹಾರಿತು. ತಾಯಿಕುರಿ ಬೇಲಿಯ ಬಳಿ ಅರಚುತ್ತಲೇ ಇತ್ತು. ರಣಧೀರ ಮಾತ್ರ ರೊಟ್ಟಿಚೂರಿಗಾಗಿ ಏಕನಾಥಮ್ಮನ ಮುಂದೆ ಬಂದು ಕುಳಿತಿತು.

ಕರಿಸಿದ್ದಪ್ಪ ದೊಣ್ಣೆಯನ್ನು ಬೇಲಿಗೆ ಒರಗಿಸಿ ಕುಳಿತ. ಕೊನೆಗೆ, "ಇದನ್ನ ಕಾಡಿಗೆ ಬಿಡಲ್ಲ ಬಿಡು," ಎಂದ.

ಆಕೆಗೆ ಹೋದ ಜೀವ ಬಂತು. "ಪುಣ್ಯ ಬರ್ತೈತ್ರಿ ನಿಮಗೆ!"

"ಪುಣ್ಯ ಅಲ್ಲ ಕಣೇ. ಕಾಡಿಗೆ ಬಿಟ್ರೆ ತೋಳನ್ನೆಲ್ಲ ಆಟಕ್ಕೆ ಕರ್ಕೊಂಡ್ ಬರ್ತೈತೆ. ಮನೇಲೇ ಬಿದ್ದಿರ್ಲಿ. ನಾಳೆಯಿಂದ ರೊಪ್ಪ ಕಾಯೋಕೆ ನೀನು ಬಾ. ಬೊಗಳೋದನ್ನ ನಿನಗೆ ಯಾರೂ ಕಲಿಸ್ಬೇಕಾಗಿಲ್ಲ."