ಹದಿನಾರೂವರೆ ಅಡಿಯ ತೀರ್ಮಾನ

ನಾನು ಒಮ್ಮೆ ಮನಸ್ಸು ಮಾಡಿದೆನೆಂದರೆ ಮುಗಿಯಿತು, ನನ್ನನ್ನು ಅಲುಗಾಡಿಸಲು ಯಾರಿಂದಲೂ ಸಾಧ್ಯವಿಲ್ಲ! ಒಂಬತ್ತು ವರ್ಷದ ಹಿಂದೆ ದೊಡ್ಡದೊಂದು ಐಷಾರಾಮಿ ಎಸ್‌ಯುವಿ ಕೊಳ್ಳಬೇಕೆಂದು ಮನಸ್ಸು ಮಾಡಿದೆ. ಇವತ್ತಿಗೂ ಆ ಮನಸ್ಸು ಒಂದಿಂಚು ಕದಲಿಲ್ಲ. ಗಾಡಿಯೂ ಶೋರೂಮಿನಿಂದ ಒಂದಿಂಚು ಕದಲಿಲ್ಲ ಎಂಬುದು ಬೇರೆ ಮಾತು.

ಕೊಳ್ಳಬೇಕೋ ಬೇಡವೋ ಎಂದು ಒದ್ದಾಡುವುದು ಸಾಮಾನ್ಯರ ಪಾಡು. ನನ್ನದು ‘ಯಾವಾಗ’ ಎಂಬ ಮಹಾಪ್ರಶ್ನೆ. ಮೊದಲ ವರ್ಷ, ಇನ್ನೇನು ಕೊಳ್ಳಬೇಕು ಎನ್ನುವಾಗ, ಅದೇ ಗಾಡಿ ಹೊಸ ಮೂತಿ ಹೊತ್ತು ಬರುತ್ತದೆಂದು ಸುದ್ದಿಯಾಯಿತು. ಹಳೆಯ ಮೂತಿಯದನ್ನು ಕೊಂಡು ನಗೆಪಾಟಲಾಗುವುದೇ? ಕಾದೆ. ಹೊಸ ಮೂತಿ ಬಂತು. ನೋಡಿದರೆ ಹಳೆಯದೇ ಲಕ್ಷಣವಾಗಿತ್ತು. ಆ ಕೊರಗು ಆರುವಷ್ಟರಲ್ಲಿ ವರ್ಷದ ಕೊನೆ. ಡಿಸೆಂಬರಿನಲ್ಲಿ ಕೊಂಡರೆ ಮರುತಿಂಗಳೇ ಗಾಡಿಗೆ ಒಂದು ವರ್ಷ ವಯಸ್ಸಾಗುತ್ತದೆ. ಜನವರಿಯಲ್ಲಿ ಕೊಂಡರೆ ಡಿಸೆಂಬರಿನ ರಿಯಾಯಿತಿ ಕೈತಪ್ಪಿದ ಸಂಕಟ. ಆಮೇಲೆ ಬ್ಯಾಟರಿ ಗಾಡಿ ಬರಲಿ ಎಂದು ಎರಡು ವರ್ಷ, ಬಂದದ್ದು ನೆಲೆಯೂರಲಿ ಎಂದು ಮತ್ತೆರಡು ವರ್ಷ. ಬೇರೆಯವರು ಗಾಡಿ ಓಡಿಸಿ ಗಳಿಸುವ ಅನುಭವವನ್ನು ನಾನು ಓಡಿಸದೆಯೇ ಗಳಿಸಿಬಿಟ್ಟೆ.

ಇಷ್ಟೂ ಕಾಲ ನಮ್ಮನ್ನು ಹೊತ್ತು ತಿರುಗಿದ್ದು ‘ಆಮೆ’. ನಮ್ಮ ಪುಟ್ಟ ಹಳೆಯ ಕಾರಿಗೆ ಹೆಂಡತಿ ಪ್ರೀತಿಯಿಂದ ಇಟ್ಟ ಹೆಸರು ಅದು. ನಾನೂ ಹಾಗೆಯೇ ಕರೆಯುತ್ತೇನೆ, ಪ್ರೀತಿಯನ್ನು ಕಳೆದು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇಡೀ ಶಾಲೆಯ ವೇಳಾಪಟ್ಟಿ ಹಾಕುವವಳೂ ಅವಳೇ. ಮೂವತ್ತು ಮಂದಿ ಮೇಷ್ಟ್ರುಗಳನ್ನು ನಲವತ್ತು ನಿಮಿಷದ ಚೌಕಗಳಲ್ಲಿ ಕೂರಿಸಬಲ್ಲ ತನಗೆ, ಒಬ್ಬ ಗಂಡನನ್ನು ಒಂದು ತಾರೀಖಿನಲ್ಲಿ ಕೂರಿಸಲಾಗಲಿಲ್ಲವಲ್ಲ ಎಂಬ ಸಿಟ್ಟು ಅವಳಿಗೆ. ಒಂದು ಸೋಮವಾರ ರಾತ್ರಿ ಊಟಕ್ಕೆ ಕೂತಾಗ, ಹೆಡ್‌ಲೈಟಿನ ಆಕಾರದ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿ ಉಸಿರು ತೆಗೆದುಕೊಳ್ಳಲು ನಿಂತೆ. ಅಷ್ಟು ಸಂದಿ ಸಾಕಾಯಿತು ಅವಳಿಗೆ.

“ರೀ, ಈ ಭಾನುವಾರ ಸಂಜೆ ಆರು ಗಂಟೆ.”

“ಏನಿದೆ ಅವತ್ತು?”

“ನಿಮ್ಮ ಕೊನೇ ಪರೀಕ್ಷೆ. ಅಷ್ಟರೊಳಗೆ ಒಂದು ತಾರೀಖು ಹೇಳಿ. ಹೇಳಿದ್ರೆ ಶೋರೂಮಿನ ಕಾಗದಕ್ಕೆ ನಾನೂ ನಗ್ತಾ ನಗ್ತಾ ಸಹಿ ಹಾಕ್ತೀನಿ. ಹೇಳದೇ ಹೋದ್ರೆ ಈ ಮನೇಲಿ ಇನ್ನು ಗಾಡಿ ಮಾತು ಎತ್ತೋ ಹಾಗಿಲ್ಲ. ಊಟಕ್ಕೆ ಕೂತಾಗಲೂ ಇಲ್ಲ, ನಿದ್ದೇಲಿ ಕನವರಿಸೋ ಹಾಗೂ ಇಲ್ಲ.”

ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದ ಅತ್ತೆ ತಲೆಯೆತ್ತಿದರು. “ಭಾನುವಾರ ಅಂದ್ರೆ ಇನ್ನೂ ಆರು ದಿನ ತಡ್ಕೋಬೇಕಲ್ಲೇ,” ಎಂದು ಮಗಳ ಕಡೆ ನೋಡಿ ನಿಟ್ಟುಸಿರುಬಿಟ್ಟರು.

ಅತ್ತೆ ಮೂವತ್ತು ವರ್ಷ ಗ್ರಂಥಾಲಯ ನಡೆಸಿದವರು. ಕನ್ನಡಕದ ಮೇಲಿನಿಂದ ಒಂದು ನೋಟ ಬೀರಿದರೆ ಎಂಥ ವಾಚಾಳಿಯೂ ತೆಪ್ಪಗಾಗುತ್ತಿದ್ದನಂತೆ. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೆ ಆ ನೋಟ ಸೋತದ್ದು ಒಬ್ಬನ ಮುಂದೆ ಮಾತ್ರ. ಅವನು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

“ಭಾನುವಾರ ಯಾಕೆ, ಅದಕ್ಕೆ ಮುಂಚೆಯೇ ಹೇಳ್ತೀನಿ,” ಎಂದು ಘರ್ಜಿಸಿದೆ. ಎದೆಯುಬ್ಬಿಸಿ ಎದ್ದೆ. ಕೈ ತೊಳೆದೆ. ಹೇಗೆ ಹೇಳುವುದೆಂದು ಹೊಳೆಯಲಿಲ್ಲ.

ಹೊಳೆದದ್ದು ಮರುದಿನ ಕೆಲಸದ ಜಾಗದಲ್ಲಿ. ನಾನು ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು. ಫ್ರಿಜ್ ಇಡುವ ಪೆಟ್ಟಿಗೆಯಾಗಲಿ ಬಿಸ್ಕತ್ತು ತುಂಬುವ ಡಬ್ಬವಾಗಲಿ, ಮೊದಲು ನಿಜವಾದ ಅಳತೆಯಲ್ಲಿ ಒಂದು ಮಾದರಿ ಮಾಡಿ, ಮಡಚಿ, ಟೇಪು ಹಚ್ಚಿ, ನನ್ನ ಮೇಜಿಗೆ ತರಬೇಕು. ಒಂದು ಬೆರಳಿನಷ್ಟು ವ್ಯತ್ಯಾಸವಿದ್ದರೂ ನಾನು ಕೆಂಪು ಮೊಹರು ಒತ್ತುತ್ತೇನೆ. ಮಾದರಿ ನೋಡದೆ ಇಪ್ಪತ್ತು ವರ್ಷದಲ್ಲಿ ಒಂದು ಸಾಬೂನಿನ ಪೆಟ್ಟಿಗೆಯನ್ನೂ ನಾನು ಮಂಜೂರು ಮಾಡಿಲ್ಲ. ಹೀಗಿರುವಾಗ ಮಾದರಿಯೇ ಇಲ್ಲದೆ ಒಂದು ಎಸ್‌ಯುವಿಯನ್ನು ಹೇಗೆ ಮಂಜೂರು ಮಾಡಲಿ? ಒಂಬತ್ತು ವರ್ಷ ನಾನು ತಡವರಿಸಿದ್ದಕ್ಕೆ ಇದೇ ಕಾರಣ! ನೇರ ಉಗ್ರಾಣಕ್ಕೆ ನಡೆದೆ. ಅಚ್ಚು ಕೆಟ್ಟು ತಿರಸ್ಕೃತವಾದ ದಪ್ಪ ರಟ್ಟಿನ ಹಾಳೆಗಳು ಅಲ್ಲಿ ರಾಶಿ ಬಿದ್ದಿದ್ದವು.

“ಎಷ್ಟು ಬೇಕು ಸಾರ್?” ಎಂದ ಉಗ್ರಾಣದವನು.

“ಹದಿನಾರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ, ಆರಡಿ ಎತ್ತರ.”

“ಅಬ್ಬಾ, ಅದ್ಯಾವ ಫ್ರಿಜ್ಜು ಸಾರ್?”

“ಫ್ರಿಜ್ ಅಲ್ಲಪ್ಪ, ಏಳು ಜನ ಕೂರುವಂಥದ್ದು.”

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಮನೇಲಿ ಎಲ್ಲಾ ಚೆನ್ನಾಗಿದ್ದಾರಾ ಸಾರ್?” ಎಂದ.

ಶನಿವಾರ ಬೆಳಿಗ್ಗೆ ಕಾರ್ಯಾಚರಣೆ ಶುರುವಾಯಿತು. ಮೊದಲು ಆಮೆಯನ್ನು ಶೆಡ್ಡಿನಿಂದ ಬೀದಿಗೆ ಗಡೀಪಾರು ಮಾಡಿದೆ. ಶೆಡ್ಡಿನಲ್ಲಿದ್ದ ಏಣಿ, ಹಳೆಯ ಕಪಾಟು, ಬಣ್ಣದ ಡಬ್ಬಗಳು, ಒಂದೇ ಚಕ್ರದ ಸೈಕಲ್ಲು, ಎಲ್ಲವನ್ನೂ ನಡುಮನೆಗೆ ಸಾಗಿಸಿದೆ. ಸೋಫಾದ ಮೇಲೆ ಏಣಿ ಮಲಗಿತು.

“ಗಾಡಿ ಶೆಡ್ಡಲ್ಲಿರುತ್ತೆ, ಶೆಡ್ಡು ಮನೇಲಿರುತ್ತೆ. ನಾವೆಲ್ಲಿರೋದು?” ಎಂದಳು ಹೆಂಡತಿ.

“ಗಾಡಿಯಲ್ಲಿ,” ಎಂದೆ.

ಇಡೀ ದಿನ ಕೊಯ್ದೆ, ಮಡಚಿದೆ, ಅಂಟಿಸಿದೆ. ಸಂಜೆಯ ಹೊತ್ತಿಗೆ, ಆಹಾ, ಶೆಡ್ಡಿನೊಳಗೆ ಒಂದು ಪರ್ವತವೇ ನಿಂತಿತ್ತು! ಮೂತಿ ಗೋಡೆಯ ಕಡೆಗೆ, ಬೆನ್ನು ಬೀದಿಯ ಕಡೆಗೆ. ಮೂರು ಸಾಲು ಸೀಟು: ಮುಂದೆ ಊಟದ ಮೇಜಿನ ಕುರ್ಚಿಗಳು, ನಡುವೆ ಬೆಂಚು, ಹಿಂದೆ ಅತ್ತೆಯ ಸ್ವಂತ ಒರಗುಕುರ್ಚಿ. ನೆತ್ತಿಯ ಮೇಲೆ, ಶೋರೂಮಿನ ಪುಸ್ತಕದಲ್ಲಿದ್ದ ಅಳತೆಗೇ ಕೊಯ್ದ ಸನ್‌ರೂಫು. ಹಾಳೆಗಳ ಹಳೆಯ ಅಚ್ಚನ್ನು ಮಾತ್ರ ಮರೆಮಾಡಲಾಗಲಿಲ್ಲ. ಬಾನೆಟ್ಟಿನ ಮೇಲೆ ‘ಒದ್ದೆ ಮಾಡಬೇಡಿ’ ಎಂದಿತ್ತು. ಡ್ರೈವರ್ ಕೂರುವ ಕಡೆಯ ಬಾಗಿಲಿಗೆ ‘ತಲೆಕೆಳಗಾಗಿ ಇಡಬಾರದು’ ಎಂಬ ಎಚ್ಚರಿಕೆ ಬಂದಿತ್ತು. ಹಿಂದೆ ಶೆಡ್ಡಿನ ಬಾಗಿಲಿಗೂ ಗಾಡಿಗೂ ನಡುವೆ ಸರಿಯಾಗಿ ಮೂರು ಬೆರಳು ಜಾಗ ಉಳಿದಿತ್ತು. ಮೂರು ಸಲ ಅಳೆದೆ. ಮೂರು ಸಲವೂ ಆನಂದವಾಯಿತು.

ಹೆಂಡತಿ ಸುತ್ತ ಬರಲು ನೋಡಿದಳು. ಎಡಬಲದಲ್ಲಿ ಒಂದೊಂದು ಗೇಣೂ ಇರಲಿಲ್ಲ. “ಬಾಗಿಲು ತೆಗೆದ್ರೆ ಗೋಡೆ. ಇಳಿಯೋದು ಹೇಗೆ?”

“ಐಷಾರಾಮಿ ಗಾಡಿ ಕಣೇ. ಇಳಿಯಬೇಕು ಅಂತ ಅನ್ನಿಸೋದೇ ಇಲ್ಲ.”

ಭಾನುವಾರ ಮಧ್ಯಾಹ್ನ ಅಂತಿಮ ಪರೀಕ್ಷೆ. ಗಾಡಿಯಲ್ಲಿ ಕೂತು, ಆ ವೈಭವವನ್ನು ಮೈಗೂಡಿಸಿಕೊಂಡು, ಐದೂವರೆಗೆ ಬರಲಿದ್ದ ಶೋರೂಮಿನವನ ಮುಂದೆ ತಾರೀಖು ಘೋಷಿಸುವುದು ನನ್ನ ಯೋಜನೆ. ಹಿಂದಿನ ಸಾಲಿಗೆ ಒಬ್ಬರು ಹಿರಿಯರು ಬೇಕಾಗಿತ್ತು. ಕುರ್ಚಿ ಆಗಲೇ ಅಲ್ಲಿದ್ದುದರಿಂದ ಅತ್ತೆಗೂ ಬೇರೆ ದಾರಿ ಇರಲಿಲ್ಲ. ಪುಸ್ತಕ ಹಿಡಿದು ಬಂದರು, ಹಿಂಬಾಗಿಲಿನಿಂದ ಹತ್ತಿದರು, ಕೂತರು. ಒಂದು ನಿಮಿಷ ಕಿವಿಗೊಟ್ಟು ಆಲಿಸಿದರು.

“ಅಳಿಯಂದಿರೇ, ಇಲ್ಲಿ ಹೊರಗಿನದೊಂದೂ ಕೇಳಿಸ್ತಿಲ್ಲವಲ್ಲ,” ಎಂದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ನಾನು ತೂರಿಕೊಂಡು ಮುಂದೆ ಹೋಗಿ ಸ್ಟಿಯರಿಂಗ್ ಹಿಡಿದೆ. ಅದು ಊಟದ ತಟ್ಟೆ. “ಹಿಂಬಾಗಿಲು ಮುಚ್ಚಿ ಟೇಪು ಹಚ್ಚಿಬಿಡೇ,” ಎಂದು ಹೆಂಡತಿಗೆ ಅಪ್ಪಣೆ ಕೊಟ್ಟೆ. “ಅರೆಬರೆ ಮುಚ್ಚಿದ ಮಾದರಿಗೆ ನಮ್ಮಲ್ಲಿ ಬೆಲೆಯಿಲ್ಲ.”

ನಮ್ಮ ಕಾರ್ಖಾನೆಯ ಟೇಪು ಎಂದರೆ ಸಾಮಾನ್ಯವಲ್ಲ. ಹಡಗಿನಲ್ಲಿ ಸಮುದ್ರ ದಾಟುವ ಪೆಟ್ಟಿಗೆಗಳಿಗೆ ಹಚ್ಚುವಂಥದ್ದು. ರಟ್ಟು ಮೂರು ಪದರದ್ದು, ಕೈಯಲ್ಲಿ ಹರಿಯದು. ಹರಿಯಬಾರದೆಂದು ಪರೀಕ್ಷಿಸಿ ಹಸಿರು ಮೊಹರು ಒತ್ತಿದವನು ನಾನೇ. ಹೊರಗೆ ಟೇಪು ಚರ್ರ್ ಚರ್ರ್ ಎಂದು ಆರೇಳು ಸಲ ಸದ್ದು ಮಾಡಿತು. ಬೇಕಾದ್ದಕ್ಕಿಂತ ನಾಲ್ಕು ಸಲ ಹೆಚ್ಚು ಎನ್ನಿಸಿತು.

ಅರ್ಧ ಗಂಟೆ ಸ್ವರ್ಗ. ಆಮೇಲೆ ಸೆಕೆ. ಕೊಯ್ಯುವ ಚಾಕುವಿಗಾಗಿ ಜೇಬು ತಡಕಿದೆ, ಇರಲಿಲ್ಲ. ಸನ್‌ರೂಫಿನಿಂದ ತಲೆ ಹೊರಹಾಕಿದೆ. ಚಾಕು ಬಾನೆಟ್ಟಿನ ಮೇಲೆ ‘ಒದ್ದೆ’ ಮತ್ತು ‘ಮಾಡಬೇಡಿ’ಗಳ ನಡುವೆ ಮಲಗಿತ್ತು. ಕೈ ಚಾಚೋಣವೆಂದು ಇನ್ನಷ್ಟು ಮೇಲೇರಿದೆ. ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. ಕೆಳಕ್ಕೂ ಹೋಗಲಿಲ್ಲ.

“ಅತ್ತೆ, ಸ್ವಲ್ಪ ನನ್ನ ಕಾಲು ಹಿಡಿದು ಎಳೀತೀರಾ?”

“ಹತ್ತು ಪುಟ ಉಳಿದಿದೆ, ಅಳಿಯಂದಿರೇ. ಮುಗಿಸಿ ಎಳೀತೀನಿ.”

ಹೆಂಡತಿಯನ್ನು ಕೂಗಿದೆ. ಬಂದಳು. ಶೆಡ್ಡಿನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು, ಗಾಡಿಯ ನೆತ್ತಿಯಲ್ಲಿ ಅರಳಿದ್ದ ನನ್ನನ್ನು ನೋಡಿದಳು.

“ಟೇಪು ಬಿಚ್ಚೇ.”

“ಆರು ಗಂಟೆಗೆ ಬಿಚ್ತೀನಿ. ಪರೀಕ್ಷೆ ಮುಗಿಯೋ ಮುಂಚೆ ಹುಡುಗರನ್ನ ಹೊರಗೆ ಬಿಡೋ ಪದ್ಧತಿ ನಮ್ಮ ಶಾಲೇಲಿಲ್ಲ.”

“ನಿಮ್ಮ ಅಮ್ಮನೂ ಒಳಗಿದ್ದಾರೆ ಕಣೇ.”

“ಅಮ್ಮಾ, ಹೊರಗೆ ಬರ್ತೀಯಾ?” ಎಂದು ಕೇಳಿದಳು.

“ಬೇಡ,” ಎಂದು ಒಳಗಿನಿಂದ ಉತ್ತರ ಬಂತು.

ಐದೂವರೆಗೆ ಸರಿಯಾಗಿ ಶೋರೂಮಿನವನು ಬಂದ. ಒಂಬತ್ತು ವರ್ಷದಿಂದ ನನ್ನನ್ನು ಬಲ್ಲವನು. ಮೊದಲ ಸಲ ಕಂಡಾಗ ಅವನ ತಲೆತುಂಬ ಕೂದಲಿತ್ತು.

“ಸಾರ್ ಇದ್ದಾರಾ ಮೇಡಂ?”

“ಗಾಡೀಲಿದ್ದಾರೆ.”

“ಯಾವ ಗಾಡೀಲಿ?” ಎನ್ನುತ್ತ ಶೆಡ್ಡಿನ ಕಡೆ ತಿರುಗಿದವನು ನಿಂತಲ್ಲೇ ನಿಂತ. “ಇದು ನಮ್ಮಲ್ಲಿ ತಗೊಂಡಿದ್ದಲ್ಲ ಮೇಡಂ,” ಎಂದ ಕೊನೆಗೆ.

“ಬನ್ನಿ,” ಎಂದೆ, ಆನೆಯ ಮೇಲಿನ ಅರಸನ ಗತ್ತಿನಲ್ಲಿ. ಇಲ್ಲಿ ನನ್ನ ಧೈರ್ಯವನ್ನು ಮೆಚ್ಚಬೇಕು. ಸೊಂಟ ಸಿಕ್ಕಿಬಿದ್ದಿದೆ, ಬೆವರು ಕಿವಿಗೆ ಇಳಿಯುತ್ತಿದೆ, ಮನಸ್ಸು ಮಾತ್ರ ಬಂಡೆ! “ಕಾಗದ ತೆಗೀರಿ. ನಾನು ತೀರ್ಮಾನಕ್ಕೆ ಬಂದಿದ್ದೀನಿ. ಉದ್ದ ಸರಿ, ಅಗಲ ಸರಿ, ಎತ್ತರ ಸರಿ. ಮಾದರಿ ಮಂಜೂರು.”

ಹೆಂಡತಿಯ ಹುಬ್ಬು ಮೇಲೇರಿತು. ನಿಜ ಹೇಳುತ್ತೇನೆ, ಆ ಕಣ್ಣಲ್ಲಿ ಮೆಚ್ಚುಗೆಯೂ ಇತ್ತು. ಶೋರೂಮಿನವನು ಪೆನ್ನು ತೆಗೆದು, ನನ್ನ ಹೆಸರು, ವಿಳಾಸಗಳನ್ನು ಒಂದೊಂದೇ ಅಕ್ಷರವಾಗಿ ಭಕ್ತಿಯಿಂದ ತುಂಬಿದ. ಒಂಬತ್ತು ವರ್ಷದ ತಪಸ್ಸು ಅವನದೂ ಹೌದು.

“ತಾರೀಖು ಹೇಳಿ ಸಾರ್.”

ಗಡಿಯಾರ ಐದು ಐವತ್ತೈದು. “ಮುಂದಿನ...” ಎಂದೆ.

“ಮುಂದಿನ,” ಎಂದು ಅವನು ಬರೆದುಕೊಂಡ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅವನ ಜನ್ಮ ಸಾರ್ಥಕವಾಗುತ್ತಿತ್ತು. ಸಂತೋಷ ತಡೆಯಲಾರದೆ ಬಾಯಿಬಿಟ್ಟ: “ಒಳ್ಳೇ ಕೆಲಸ ಮಾಡಿದ್ರಿ ಸಾರ್. ಈ ಮಾದರೀದು ನಮ್ಮಲ್ಲಿ ಉಳಿದಿರೋದು ಇದೊಂದೇ. ಇನ್ನೆರಡು ತಿಂಗಳಲ್ಲಿ ಹೊಸದು ಬರ್ತಿದೆ, ಅದು ನಾಲ್ಕು ಬೆರಳು ಉದ್ದ.”

ನಾಲ್ಕು ಬೆರಳು. ಶೆಡ್ಡಿನಲ್ಲಿ ಉಳಿದಿದ್ದು ಮೂರು ಬೆರಳು. ಆದರೆ ಗೋಡೆಯ ಕಡೆ ಗಾರೆ ಕೆರೆದರೆ ಒಂದು ಬೆರಳು ಸಿಕ್ಕೀತಲ್ಲವೇ? ಆ ನಾಲ್ಕು ಬೆರಳು ಎಲ್ಲಿ ಸೇರಿದೆ, ಮೂತಿಗೋ, ಹಿಂದಿನ ಸೀಟಿಗೋ? ಹೊಸದು ಬರುವಾಗ ಹಳೆಯದನ್ನು ಕೊಂಡು ನಗೆಪಾಟಲಾಗುವುದೇ? ಹೊಸದನ್ನೇ ಕೊಂಡು ಶೆಡ್ಡಿನ ಬಾಗಿಲು ಮುಚ್ಚದಿದ್ದರೆ? ಎರಡೇ ತಿಂಗಳು. ಒಂಬತ್ತು ವರ್ಷ ಕಾದವನಿಗೆ ಎರಡು ತಿಂಗಳು ಯಾವ ಲೆಕ್ಕ?

“ಮುಂದಿನ... ಏನು ಸಾರ್?” ಪೆನ್ನು ಕಾಗದದ ಮೇಲೆಯೇ ಇತ್ತು.

ಬಾಯಿ ತೆರೆದೆ. ಮುಚ್ಚಿದೆ. ಹೆಂಡತಿ ಕೈಗಡಿಯಾರ ನೋಡುತ್ತಿದ್ದಳು. ಮತ್ತೆ ತೆರೆದೆ. “ಆ ಹೊಸದರ ಹೆಡ್‌ಲೈಟು ಹೇಗಿದೆ?” ಎಂಬ ಮಾತು ಹೊರಬಿತ್ತು. ದೇವರಾಣೆ, ನಾನು ಕೇಳಿದ್ದಲ್ಲ, ಅದಾಗಿಯೇ ಬಿತ್ತು.

“ಆರು ಗಂಟೆ,” ಎಂದಳು ಹೆಂಡತಿ. “ಪೆನ್ನು ಕೆಳಗಿಡಿ.”

ಶೋರೂಮಿನವನು ಪಾಪ, ತಾನೇ ಇಟ್ಟುಬಿಟ್ಟ. ಅವನ ಕಾಗದದಲ್ಲಿ ನನ್ನ ಹೆಸರು, ವಿಳಾಸ, ತಾರೀಖಿನ ಜಾಗದಲ್ಲಿ ‘ಮುಂದಿನ’ ಎಂಬ ಒಂದೇ ಪದ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ದಾರಿಯಲ್ಲಿ ನಿಂತಿದ್ದ ಆಮೆಯ ಬೆನ್ನು ತಟ್ಟಿ ಹೋದ.

ಹೆಂಡತಿ ಅಡುಗೆಮನೆಯ ಚಾಕು ತಂದು ಟೇಪು ಕೊಯ್ದಳು. ಒಳಬಂದು ನನ್ನ ಒಂದು ಕಾಲು ಹಿಡಿದಳು. ಪುಸ್ತಕ ಮುಗಿಸಿದ್ದ ಅತ್ತೆ ಇನ್ನೊಂದು ಹಿಡಿದರು. ಧೊಪ್ಪನೆ ಭೂಮಿಗೆ ಬಂದೆ. ಸೋತವನ ಘನತೆಯಿಂದ ಎದ್ದು, ಅವಳು ತಂದಿದ್ದ ಚಾಕು ಹಿಡಿದು, “ಇದನ್ನ ಬಿಚ್ಚಿಹಾಕ್ತೀನಿ,” ಎಂದೆ.

ಆಗ ಅತ್ತೆ ನೋಡಿದರು. ಕನ್ನಡಕದ ಮೇಲಿನಿಂದ. ಮದುವೆಯಾದ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಬಾಯಿ ಕಟ್ಟಿತು.

“ಮುಟ್ಟಬೇಡಿ,” ಎಂದರು. “ನಾನು ಇದನ್ನ ತಗೊಂಡಾಯ್ತು.”

ಅವರಿಗೆ ತೀರ್ಮಾನಿಸಲು ಹಿಡಿದದ್ದು ಒಂದು ನಿಮಿಷ, ಹೆಚ್ಚೆಂದರೆ ಎರಡು.

ಈಗ ಮೂರು ತಿಂಗಳಾಯಿತು. ಗಾಡಿ ಶೆಡ್ಡಿನಲ್ಲಿದೆ, ಆಮೆ ಬೀದಿಯಲ್ಲಿದೆ, ಏಣಿ ಸೋಫಾದ ಮೇಲಿದೆ. ಅತ್ತೆ ಬೆಳಗಿನ ಕಾಫಿ ಕುಡಿದವರೇ ಹಿಂಬಾಗಿಲಿನಿಂದ ಹತ್ತುತ್ತಾರೆ. ನಡುವಿನ ಬೆಂಚಿನ ಮೇಲೆ ಪುಸ್ತಕಗಳು ಸಾಲಾಗಿ ಬಂದು ಕೂತಿವೆ, ದೀಪವೂ ಬಂದಿದೆ. ಹೊಸ ಮಾದರಿ ಬಂತೆಂದು ಶೋರೂಮಿನವನು ಫೋನು ಮಾಡಿದಾಗ ಹೆಂಡತಿಯೇ ಎತ್ತಿಕೊಂಡಳು. “ಇಡೋಕೆ ಜಾಗ ಇಲ್ಲ, ಇವರೇ, ಶೆಡ್ಡಲ್ಲಿ ಆಗಲೇ ಒಂದಿದೆ,” ಎಂದಳು. ನಾನು ಪಕ್ಕದಲ್ಲೇ ಇದ್ದೆ. ಆ ಮಾತು ಎತ್ತುವ ಹಾಗಿರಲಿಲ್ಲವಾದ್ದರಿಂದ ತುಟಿ ಕಚ್ಚಿಕೊಂಡೆ.

ಆದರೂ ಆಸೆ ನೋಡಿ. ಮೊನ್ನೆ ಭಾನುವಾರ ಮಧ್ಯಾಹ್ನ ಮೆಲ್ಲಗೆ ಶೆಡ್ಡಿಗೆ ಹೋಗಿ, ಹಿಂಬಾಗಿಲನ್ನು ಒಂದಿಷ್ಟೇ ತೆರೆದು, ಒಂದು ಕಾಲು ಒಳಗಿಟ್ಟೆ.

“ಅತ್ತೆ, ಐದೇ ನಿಮಿಷ, ಮುಂದಿನ ಸೀಟಲ್ಲಿ ಕೂತು ಬರ್ತೀನಿ,” ಎಂದೆ. ಅಷ್ಟರಲ್ಲಿ ನಡುವಿನ ಬೆಂಚೂ ಕಣ್ಣಿಗೆ ಬಿತ್ತು. ದೀಪ ಅಲ್ಲಿತ್ತು, ಗಾಳಿಯೂ ಅಲ್ಲೇ ಚೆನ್ನಾಗಿ ಬರುವಂತಿತ್ತು. “ಇಲ್ಲಾ, ಸ್ವಲ್ಪ ತಂಪಾದ ಮೇಲೆ ಬರಲಾ? ಮುಂದೆ ಕೂರಲಾ, ನಡುವೆ ಕೂರಲಾ?”

ಅತ್ತೆ ಪುಟ ತಿರುವಿದರು. ತಲೆಯೆತ್ತಲಿಲ್ಲ.

“ಮೊದಲು ತೀರ್ಮಾನ ಮಾಡ್ಕೊಂಡು ಬನ್ನಿ, ಅಳಿಯಂದಿರೇ. ಅಲ್ಲೀವರೆಗೆ ಕಾಲು ಆಚೆ ಇಟ್ಟು ಬಾಗಿಲು ಹಾಕಿ.”